ಮೊಬೈಲು ‘ಟಿಣ್’ ಎಂದಾಗ ಆ ಕಡೆ ಇರುವವರು

ಬೆಳಗಿನ ಆರೂವರೆ. ರಾಣೆಬೆನ್ನೂರು ಬಸ್ ನಿಲ್ದಾಣದಲ್ಲಿ ಕಂಬಕ್ಕೊರಗಿ ನಿಂತ, ಮಫ್ಲರ್ ಸುತ್ತಿಕೊಂಡ ನಲವತ್ತೆರಡರ ವ್ಯಕ್ತಿಯೊಬ್ಬರು ಮೊಬೈಲಿನಲ್ಲಿ ಏನೋ ಬರೆಯುತ್ತಾರೆ, ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ. ಎದುರಿಗೆ ಹಾವೇರಿ ಬಸ್ಸಿಗೆ ಕಾದಿರುವ ಕಾಲೇಜು ಹುಡುಗ ಹುಡುಗಿಯರ ಗುಂಪು. ‘ಮೂರನೇ ಸೆಮಿಸ್ಟರ್ ಹಾಲ್ ಟಿಕೆಟ್ ಬಂದಿದೆ. ಕಾಲೇಜಿಗೆ ಹೋಗಬೇಕಿಲ್ಲ, ಇಲ್ಲೇ ಸಿಗುತ್ತದೆ’ ಎಂದು ಬರೆದು ಮುಗಿಸಿ ಒತ್ತುತ್ತಾರೆ. ಐದಾರು ಸೆಕೆಂಡು ಕಳೆಯುವಷ್ಟರಲ್ಲಿ ಗುಂಪಿನಲ್ಲಿ ಒಂದು ಮೊಬೈಲು ಟಿಣ್ ಎನ್ನುತ್ತದೆ. ಇನ್ನೊಂದು ಜೇಬಿನಲ್ಲೇ ಗುರ್ ಎನ್ನುತ್ತದೆ.

ಈಗ ಅವರ ಕಣ್ಣು ತಮ್ಮ ಮೊಬೈಲಿನ ಮೇಲಿಲ್ಲ, ಮಕ್ಕಳ ಹೆಬ್ಬೆರಳಿನ ಮೇಲಿದೆ. ಹೆಬ್ಬೆರಳು ಒತ್ತಿದರೆ ಓದಿದಂತೆ. ಬದಿಗೆ ತಳ್ಳಿದರೆ ಒಗೆದಂತೆ. ಬಿ.ಎ. ಎರಡನೇ ವರ್ಷದ ದಿಲನಾಜ ನೋಡದೆಯೇ ತಳ್ಳುತ್ತಾಳೆ.

“ಏನ್ ಬಂತವಾ?” ಎಂದು ಕೇಳುತ್ತಾರೆ ಮಫ್ಲರಿನವರು.

“ಯುನಿವರ್ಸಿಟೀದು ಅಂಕಲ್. ದಿನಾ ಏನರೆ ಒದರತಿರತೈತಿ.”

“ಏನಂತ ಒದರೇತಿ, ಒಂದ್ಸಲ ನೋಡಬಾರ್ದ?”

“ಯಾಕ್ರಿ, ನೀವೇನ್ ಅದರ ವಕೀಲ್ರಾ?”

ಗೆಳತಿಯರು ನಗುತ್ತಾರೆ. ಪಕ್ಕದವಳ ಮೊಬೈಲಿನಲ್ಲಿ ಅದೇ ಸಂದೇಶ ಕಂಡು ದಿಲನಾಜ ಜಿಗಿಯುತ್ತಾಳೆ: “ಅಯ್ಯ, ಹಾಲ್ ಟಿಕೆಟ್ ಬಂದೈತಲೇ!” ‘ವಕೀಲರು’ ಬಸ್ಸು ಹತ್ತಿ ಕಿಟಕಿ ಪಕ್ಕ ಕೂರುತ್ತಾರೆ. ಚಿಕ್ಕ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ: ‘14 ಮಂದಿ. ಒತ್ತಿದವರು 9. ಒಗೆದವರು 5. ಒಬ್ಬಳು ಒಗೆದು ಮತ್ತೆ ಹುಡುಕಿದಳು.’

ಇವರು ವಿಜಯಮಹಾಂತೇಶ ಕಾಕೋಳ. ಹಾವೇರಿ ಹೊರವಲಯದ ವಿಶ್ವವಿದ್ಯಾಲಯವೊಂದರ ಪರೀಕ್ಷಾ ವಿಭಾಗದಲ್ಲಿ ಹೊರಗುತ್ತಿಗೆಯ ಕಂಪ್ಯೂಟರ್ ಆಪರೇಟರ್. ಜಿಲ್ಲೆಯ ಕಾಲೇಜುಗಳಲ್ಲಿ ಓದುವ ಒಂಬತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೊಬೈಲಿಗೆ ವಿಶ್ವವಿದ್ಯಾಲಯದ ಆ್ಯಪ್‌ನಿಂದ ಹೋಗುವ ಪ್ರತಿಯೊಂದು ನೋಟಿಫಿಕೇಶನ್ ಹುಟ್ಟುವುದು ಇವರ ಕೈಯಲ್ಲಿ. ಫೀಸು ಕಟ್ಟುವ ಕೊನೆಯ ದಿನ, ಮುಂದೆ ಹೋದ ಪರೀಕ್ಷೆ, ಬಂದ ಫಲಿತಾಂಶ, ಮಳೆಗೆ ಕೊಟ್ಟ ರಜೆ ಎಲ್ಲವೂ. ಕಚೇರಿಯ ಹುದ್ದೆಗಳ ಪಟ್ಟಿಯಲ್ಲಿ ಈ ಕೆಲಸಕ್ಕೆ ಹೆಸರಿಲ್ಲ. ಹನ್ನೊಂದು ತಿಂಗಳಿಗೊಮ್ಮೆ ಗುತ್ತಿಗೆ ಮುಗಿಯುತ್ತದೆ, ಮತ್ತೆ ಬರೆಸಿಕೊಳ್ಳಬೇಕು.

ಪಿಯುಸಿ ಮುಗಿಸಿ ಅವರು ಮೊದಲು ಸೇರಿದ್ದು ರಾಣೆಬೆನ್ನೂರಿನ ಕೇಬಲ್ ಟಿ.ವಿ. ಕಚೇರಿಗೆ. ಸಿನಿಮಾ ನಡೆಯುವಾಗ ಪರದೆಯ ಕೆಳಗೆ ‘ಮನೆ ಬಾಡಿಗೆಗಿದೆ’, ‘ಹೊಸ ಸೀರೆಗಳು ಬಂದಿವೆ’ ಎಂದು ಓಡುತ್ತಿದ್ದ ಅಕ್ಷರಗಳನ್ನು ಟೈಪು ಮಾಡುತ್ತಿದ್ದವರು ಇವರೇ. “ಹೀರೋ ಅಳಾಕತ್ತಿದ್ರ ಜನ ಕೆಳಗಿನ ಸಾಲು ಓದೂದಿಲ್ರಿ. ಹಾಡು ಬಂದಾಗ ಓದ್ತಾರ. ಅದನ್ನ ನೋಡಿ ನೋಡಿ ಕಲ್ತೆ,” ಎನ್ನುತ್ತಾರೆ.

ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಇದನ್ನೆಲ್ಲ ಹೊಸದಾಗಿ ಕಲಿಯಬೇಕಾಯಿತು. ಆ್ಯಪ್ ಶುರುವಾದ ವರ್ಷ ಕಚೇರಿಯಲ್ಲಿ ಎಲ್ಲರಿಗೂ ಎಲ್ಲಿಲ್ಲದ ಉತ್ಸಾಹ. ದಿನಕ್ಕೆ ಹತ್ತು, ಹನ್ನೊಂದು ಸಂದೇಶ. ಸುತ್ತೋಲೆ, ಜಯಂತಿ, ಅತಿಥಿಗಳ ಭಾಷಣ, ಭಾಷಣ ಮುಗಿದ ಸುದ್ದಿ. ಒಂದೇ ತಿಂಗಳಲ್ಲಿ ಸಾವಿರದ ಒಂಬೈನೂರು ವಿದ್ಯಾರ್ಥಿಗಳು ನೋಟಿಫಿಕೇಶನ್ನನ್ನೇ ಬಂದ್ ಮಾಡಿಕೊಂಡರು. “ಮನೀ ಮುಂದ ನಿಂತು ದಿನಾ ಹನ್ನೊಂದ ಸಲ ಬಾಗಲಾ ಬಡದ್ರ ನೀವಾದ್ರೂ ಏನ್ ಮಾಡ್ತೀರಿ? ಚಿಲಕಾ ಹಾಕ್ಕೋತೀರಿ. ಆಮ್ಯಾಲ ಮನೀಗೆ ಬೆಂಕಿ ಬಿದ್ದೈತಿ ಅಂತ ಒದರಿದ್ರೂ ತಗಿಯೂದಿಲ್ಲ.”

ಇನ್ನೊಂದು ತೊಡಕೂ ಇತ್ತು. ಬೀಗ ಹಾಕಿದ ಮೊಬೈಲಿನ ಪರದೆಯ ಮೇಲೆ ಕಾಣುವುದು ಎರಡೇ ಸಾಲು. ಕಚೇರಿಯಿಂದ ಬರುತ್ತಿದ್ದ ಪ್ರತಿ ಸಂದೇಶವೂ ‘ಈ ಮೂಲಕ ಸಮಸ್ತ ವಿದ್ಯಾರ್ಥಿ ವಿದ್ಯಾರ್ಥಿನಿಯರಿಗೆ ತಿಳಿಯಪಡಿಸುವುದೇನೆಂದರೆ’ ಎಂದು ಶುರುವಾಗಿ, ಎರಡು ಸಾಲೂ ಅಲ್ಲಿಗೇ ಮುಗಿಯುತ್ತಿದ್ದವು. ಏನು ತಿಳಿಯಪಡಿಸಿದರು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನು ತೆಗೆಸಲು ಅವರು ಏಳು ತಿಂಗಳು ಕಾದರು. ವಿಭಾಗದ ಸೂಪರಿಂಟೆಂಡೆಂಟ್ ಜಾನಕೀಬಾಯಿ ಮೇಡಂ ಒಪ್ಪಿರಲಿಲ್ಲ. “ಹಂಗ ನೆಟ್ಟಗ ವಿಷಯಕ್ಕ ಹೋದ್ರ ಮರ್ಯಾದಿ ಇರೂದಿಲ್ಲೋ ವಿಜು,” ಎಂದಿದ್ದರಂತೆ. ಒಂದು ದಿನ ಅವರದೇ ಮೊಬೈಲಿಗೆ ಸಂದೇಶ ಕಳಿಸಿ, “ಏನ್ ಬಂದೈತಿ ಹೇಳ್ರಿ ಮೇಡಂ” ಎಂದು ಇವರು ಎದುರಿಗೆ ನಿಂತರು. ಮೇಡಂ ಕನ್ನಡಕ ಏರಿಸಿ, ಇಳಿಸಿ, ಕೊನೆಗೆ ನಕ್ಕರು. ಈಗ ದಿನಕ್ಕೆ ಒಂದೇ ಸಂದೇಶ. ವಿಷಯ ಮೊದಲ ಆರು ಶಬ್ದದೊಳಗೆ. ಸಮಯ ಬೆಳಿಗ್ಗೆ ಆರೂ ನಲವತ್ತು, ಯಾಕೆಂದರೆ ಗುತ್ತಲ, ಕುಪ್ಪೇಲೂರು ಕಡೆಯ ಮಕ್ಕಳು ಬಸ್ಸಿಗೆ ಕಾಯುತ್ತ ಮೊಬೈಲು ಹಿಡಿದಿರುವುದು ಆಗಲೇ. ಬಾಗಿಲು ಹಾಕಿಕೊಂಡವರಲ್ಲಿ ಆರುನೂರು ಮಂದಿ ಮತ್ತೆ ತೆರೆದಿದ್ದಾರೆ.

ಇಷ್ಟು ಹುಷಾರಿನ ಮನುಷ್ಯ ಕಳೆದ ಡಿಸೆಂಬರಿನಲ್ಲಿ ಒಂದು ತಪ್ಪು ಮಾಡಿದರು. ಅದನ್ನು ಅವರು ಮುಚ್ಚಿಡುವುದಿಲ್ಲ. ಕೇಳದಿದ್ದರೂ ಹೇಳುತ್ತಾರೆ.

ಅಂದು ಗುರುವಾರ. ‘ನಿಮ್ಮ ಹಾಜರಾತಿ ಕಡಿಮೆ ಇದೆ. ಪರೀಕ್ಷೆಗೆ ಕೂರುವಂತಿಲ್ಲ’ ಎಂಬ ಸಂದೇಶ ಬಿ.ಕಾಂ.ನ ಎಂಬತ್ತೆಂಟು ವಿದ್ಯಾರ್ಥಿಗಳಿಗೆ ತುರ್ತಾಗಿ ಹೋಗಬೇಕಿತ್ತು. ಕಂಪ್ಯೂಟರಿನಲ್ಲಿ ಯಾರಿಗೆ ಕಳಿಸಬೇಕೆಂಬ ಯಾದಿಗಳು ಒಂದರ ಕೆಳಗೊಂದು ಇರುತ್ತವೆ. ಇವರ ಬೆರಳು ಒಂದು ಸಾಲು ಕೆಳಗಿನದನ್ನು ಆರಿಸಿತು. ಸಂದೇಶ ಬಿ.ಕಾಂ.ನ ಎಲ್ಲ ಸಾವಿರದ ಇನ್ನೂರು ಮಂದಿಗೂ ಹೋಯಿತು. ಒಂಬತ್ತು ನಿಮಿಷದಲ್ಲಿ ‘ಹಿಂದಿನ ಸಂದೇಶ ತಪ್ಪು’ ಎಂದು ಇನ್ನೊಂದನ್ನು ಕಳಿಸಿದರು. ಕಚೇರಿಯ ಮಟ್ಟಿಗೆ ಅಲ್ಲಿಗೆ ವಿಷಯ ಮುಗಿದಿತ್ತು.

ಅವರ ಮಟ್ಟಿಗೆ ಮುಗಿದಿರಲಿಲ್ಲ. ಯಾರು ತೆರೆದರು, ಯಾರು ತೆರೆಯಲಿಲ್ಲ ಎಂಬುದು ಯಂತ್ರದಲ್ಲಿ ದಾಖಲಾಗುತ್ತದೆ. ಮೊದಲಿನದನ್ನು ಓದಿ ಎರಡನೆಯದನ್ನು ಓದದವರು ಎಷ್ಟು ಜನ? ಅರವತ್ಮೂರು. ಅಷ್ಟೂ ಹೆಸರು ಬರೆದುಕೊಂಡು ಒಬ್ಬೊಬ್ಬರಿಗೂ ಫೋನು ಮಾಡತೊಡಗಿದರು. ಕೆಲವರು ಅತ್ತರು, ಕೆಲವರು ಬೈದರು, ಒಬ್ಬ “ನಾ ಖರೇನ ಕಾಲೇಜಿಗೆ ಹೋಗಿಲ್ರಿ ಸರ್, ನಿಮಗ ಹೆಂಗ ಗೊತ್ತಾತು?” ಎಂದ. ಶುಕ್ರವಾರ ಸಂಜೆಯ ಹೊತ್ತಿಗೆ ಅರವತ್ತೆರಡು ಮುಗಿದವು. ಉಳಿದದ್ದು ಬ್ಯಾಡಗಿಯ ಭುವನಾ, ಬಿ.ಕಾಂ. ಕೊನೆಯ ವರ್ಷ. ಆ ಸಂಖ್ಯೆಗೆ ಮಾಡಿದರೆ ಗಡಸು ಗಂಡಸಿನ ದನಿ: “ಆಕಿ ಇನ್ನ ಕಾಲೇಜಿಗೆ ಬರೂದಿಲ್ಲ. ಇಡ್ರಿ.” ಮತ್ತೆ ಮಾಡಿದರೆ ಎತ್ತಲಿಲ್ಲ.

ಭುವನಾ ಕಾಲೇಜಿಗೆ ಒಯ್ಯುವುದು ಬಟನ್ ಫೋನು. ಆ್ಯಪ್ ಇರುವುದು ಅಪ್ಪನ ಮೊಬೈಲಿನಲ್ಲಿ. ಅಪ್ಪ ಫಕ್ಕೀರಪ್ಪನವರದು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ. ಮೂರು ವರ್ಷದಿಂದ ದಿನಾ ಬಸ್ಸು ಹತ್ತುವ ಮಗಳು ಹಾಜರಿಯೇ ಇಲ್ಲ ಎಂದರೆ ಎಲ್ಲಿಗೆ ಹೋಗುತ್ತಿದ್ದಳು? ಎರಡನೆಯ ಸಂದೇಶವನ್ನು ಸಿಟ್ಟಿನಲ್ಲಿ ನೋಡದೆಯೇ ಒಗೆದಿದ್ದರು. ಗುರುವಾರ ರಾತ್ರಿಯಿಂದಲೇ ಅವಳಿಗೆ ಹೊಸ್ತಿಲು ದಾಟುವುದು ಬಂದ್. ಪರೀಕ್ಷೆ ಅರ್ಜಿ ತುಂಬಲು ಮಂಗಳವಾರ ಕೊನೆಯ ದಿನ.

ಸೋಮವಾರ ವಿಜಯಮಹಾಂತೇಶ ಅರ್ಧ ದಿನ ರಜೆ ಹಾಕಿ, ಕಾಲೇಜಿನಿಂದ ಹಾಜರಿಯ ಪ್ರತಿಗೆ ಮೊಹರು ಹೊಡೆಸಿಕೊಂಡು ಬ್ಯಾಡಗಿಗೆ ಹೋದರು. ಮಾಲಿಗೆ ಬೆಲೆ ಕಟ್ಟುವ ಟೆಂಡರ್ ದಿನ. ಮಾರುಕಟ್ಟೆಯ ತುಂಬ ಕೆಂಪು ಚೀಲ, ಮೆಣಸಿನಕಾಯಿ ಘಾಟು. ಅಂಗಡಿ ಮುಟ್ಟಿದವರಿಗೆ ಐದು ನಿಮಿಷ ಸೀನು ಬಿಟ್ಟರೆ ಬೇರೆ ಮಾತಿಲ್ಲ.

“ಹೊರಗಿನವ್ರು ಅಂತ ಗೊತ್ತಾತು. ಕುಂದ್ರಿ, ನೀರು ಕುಡೀರಿ,” ಎಂದರು ಫಕ್ಕೀರಪ್ಪ. ವಿಷಯ ಕೇಳಿದ ಮೇಲೆ ಮುಖ ಬಿಗಿಯಿತು. “ತಪ್ಪಂತೀರಿ. ಇದ ಫೋನಿನ್ಯಾಗ ದಿನಾ ನನಗ ರೇಟ್ ಬರತೈತ್ರಿ. ಒಂದ ದಿನಾನೂ ತಪ್ಪಿಲ್ಲ. ಅದರ ಮ್ಯಾಲ ಲಕ್ಷಗಟ್ಟಲೆ ಮಾಲು ತೂಗತೇನಿ. ನಿಮ್ಮದೊಂದು ಹೆಂಗ ತಪ್ಪತೈತಿ?”

“ರೇಟ್ ಕಳಸಾವ್ರು ಬ್ಯಾರೆ, ಯಜಮಾನ್ರ. ಇದನ್ನ ಕಳಿಸಿದಾಂವ ನಾನು. ಬಟ್ಟು ಒಂದ ಸಾಲು ಕೆಳಗ ಹೋತು.”

ಫಕ್ಕೀರಪ್ಪ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಅಂದ್ರ, ಇದರ ಹಿಂದ ಮನಷ್ಯಾ ಕುಂತಿರತಾನ?”

“ಕುಂತಿರತಾನ್ರಿ.”

“ಕಂಪ್ಯೂಟರ್ ತಾನ ಕಳಸತೈತಿ ಅನಕೊಂಡಿದ್ದೆ.” ಹಾಜರಿ ಹಾಳೆಯನ್ನು ಅವರು ಮುಟ್ಟಲಿಲ್ಲ. “ಕಾಗದ ಯಾರ್ ಬೇಕಾದ್ರೂ ಮಾಡಸ್ತಾರ. ಆಕೀನ ನಿಮ್ಮನ್ನ ಕಳಿಸಿರಬೇಕು.”

“ನಿಮ್ಮ ಮಗಳ ಮಾರಿ ಸೈತ ನಾ ನೋಡಿಲ್ರಿ.”

“ಹಂಗಾರ ಫೋನಿಗೆ ಬರ್ಲಿ. ಅದರಾಗ ಬಂದ್ರ ನಂಬತೇನಿ.”

ಒಬ್ಬರಿಗಷ್ಟೇ ಸಂದೇಶ ಕಳಿಸಲು ಲಿಖಿತ ಮಂಜೂರಾತಿ ಬೇಕು. ಅಂಗಡಿಯ ಹೊರಗೆ ಬಂದು ಜಾನಕೀಬಾಯಿ ಮೇಡಂಗೆ ಫೋನು ಮಾಡಿದರು. “ಅರ್ಜಿ ಕೊಡು, ಬುಧವಾರ ಸಾಹೇಬ್ರ ಮುಂದ ಇಡತೇನಿ,” ಎಂದರು ಮೇಡಂ. “ಮಂಗಳವಾರ ಕಡೇ ದಿನ ಐತ್ರಿ ಮೇಡಂ.” “ನಿನ್ನ ಗುತ್ತಿಗೆ ಜನವರಿಗೆ ಮುಗೀತದ, ಗೊತ್ತದ ಇಲ್ಲೋ?” “ಗೊತ್ತೈತ್ರಿ.” ಮೇಡಂ ದನಿ ತಗ್ಗಿಸಿದರು. “ನೀ ಏನೂ ಕೇಳಿಲ್ಲ. ನಾ ಏನೂ ಹೇಳಿಲ್ಲ.”

ಒಳಗೆ ಬಂದು, ಗೋಣಿಚೀಲದ ಮೇಲೆ ಕುಳಿತು, ತಮ್ಮ ಮೊಬೈಲಿನಿಂದಲೇ ಬರೆದರು. ಮೂರು ಸಲ ಅಳಿಸಿದರು. ಯಾದಿಯಲ್ಲಿ ಒಂದೇ ಹೆಸರಿದೆಯೇ ಎಂದು ನಾಲ್ಕು ಸಲ ನೋಡಿದರು. ಒತ್ತಿದರು. ಮಾರುಕಟ್ಟೆಯ ಗದ್ದಲದಲ್ಲಿ ಸಿಗ್ನಲ್ ತೆವಳುತ್ತಿತ್ತು. ಗುಮಾಸ್ತರು, ಹಮಾಲರು, ಮಾಲು ತಂದಿದ್ದ ರೈತರು ಎಲ್ಲರೂ ಗಲ್ಲಾಪೆಟ್ಟಿಗೆಯ ಮೇಲಿದ್ದ ಫಕ್ಕೀರಪ್ಪನವರ ಮೊಬೈಲನ್ನೇ ನೋಡುತ್ತಿದ್ದರು. ಟಿಣ್.

ಫಕ್ಕೀರಪ್ಪ ಎತ್ತಿಕೊಂಡು ಗಟ್ಟಿಯಾಗಿ ಓದಿದರು: ‘ಭುವನಾ ಹಾಜರಾತಿ ನೂರಕ್ಕೆ 91. ಗುರುವಾರದ ಸಂದೇಶ ತಪ್ಪು. ತಪ್ಪಿದ್ದು ನಾನು. ವಿಜಯಮಹಾಂತೇಶ.’

ಇನ್ನೊಮ್ಮೆ ಓದಿದರು, ಈ ಸಲ ಮನಸ್ಸಿನಲ್ಲೇ. ಆಮೇಲೆ ದನಿ ಏರಿತು: “ನಾಕ್ ದಿನ ಆತ್ರಿ, ನನ್ನ ಮಗಳು ನನ್ನ ಕೂಡ ಮಾತಾಡಿಲ್ಲ! ಉಂಡಿಲ್ಲ! ಅದನ್ನೂ ಇದರಾಗ ಕಳಿಸಿ ಸರಿ ಮಾಡ್ರಿ ನೋಡೂಣು!” ಹತ್ತು ನಿಮಿಷ ಬೈದರು. ವಿಜಯಮಹಾಂತೇಶ ಎದ್ದು ನಿಂತು ಪೂರ್ತಿ ಬೈಸಿಕೊಂಡರು. “ಅಂವಾ ಬೈಯೂದು ನನಗ, ಆಕೀಗಲ್ಲ ಅಂತ ಒಂದ್ ಸಮಾಧಾನ ಇತ್ತು,” ಎನ್ನುತ್ತಾರೆ. ಬೈದು ದಣಿದ ಫಕ್ಕೀರಪ್ಪ ಚಹಾ ತರಿಸಿದರು. ಅಂದು ಟೆಂಡರ್ ಮುಗಿಯುವ ಮೊದಲೇ ಅಂಗಡಿಯನ್ನು ಗುಮಾಸ್ತರಿಗೆ ಒಪ್ಪಿಸಿ ಮನೆಗೆ ಹೋದರು.

ಮಂಗಳವಾರ ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಭುವನಾಳ ಅರ್ಜಿ ಬಂತು. ಅವಳು ಪರೀಕ್ಷೆ ಬರೆದಿದ್ದಾಳೆ. “ಅಪ್ಪಾರು ತಪ್ಪಾತು ಅಂತೇನ್ ಅನ್ನಲಿಲ್ರಿ,” ಎನ್ನುತ್ತಾಳೆ ಅವಳು. “ಮಂಗಳವಾರ ಮುಂಜಾನೆ ತಾವ ಬಸ್‌ಸ್ಟ್ಯಾಂಡಿನ ತನಕ ಬಂದ್ರು. ಬಸ್ಸು ಹೋಗೋ ತನಕ ನಿಂತಿದ್ರು.” ಸಂದೇಶ ಕಳಿಸಿದವರನ್ನು ಅವಳು ಈವರೆಗೆ ಕಂಡಿಲ್ಲ.

ಮಂಜೂರಾತಿ ಇಲ್ಲದೆ ಸಂದೇಶ ಕಳಿಸಿದ್ದಕ್ಕೆ ವಿಜಯಮಹಾಂತೇಶರಿಗೆ ಕಾರಣ ಕೇಳಿ ಪತ್ರ ಬಂತು. ‘ತಪ್ಪು ನನ್ನದಾಗಿತ್ತು, ಆದ್ದರಿಂದ ಸರಿಪಡಿಸಿದೆ’ ಎಂದು ಒಂದೇ ಸಾಲಿನ ಉತ್ತರ ಕೊಟ್ಟರು. ಗುತ್ತಿಗೆ ಹನ್ನೊಂದು ತಿಂಗಳಿಗೆ ಬದಲು ಮೂರು ತಿಂಗಳಿಗಷ್ಟೇ ಮುಂದುವರಿದಿದೆ. ಮುಂದಿನದು ಅವರಿಗೂ ಗೊತ್ತಿಲ್ಲ. ಈಗ ಹಾಜರಾತಿಯ ಸಂದೇಶವಿದ್ದರೆ ಜಾನಕೀಬಾಯಿ ಮೇಡಂ ತಾವೇ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಯಾದಿಯ ಹೆಸರನ್ನು ಇಬ್ಬರೂ ಗಟ್ಟಿಯಾಗಿ ಓದಿದ ಮೇಲೆಯೇ ಒತ್ತುವುದು.

ಏನು ಬೇಕು ನಿಮಗೆ ಎಂದರೆ ಕಾಯಂ ನೌಕರಿಯ ಮಾತು ತೆಗೆಯುವುದಿಲ್ಲ. ಎರಡು ಸಲ ಅರ್ಜಿ ಕೊಟ್ಟು ವಾಪಸು ಬಂದ ಬೇರೆಯೇ ಒಂದು ಬೇಡಿಕೆ ಇದೆ.

“ಪ್ರತಿ ಸಂದೇಶದ ಕೆಳಗ ಕಳಿಸಿದವರ ಹೆಸರು, ಫೋನ್ ನಂಬರು ಹಾಕಾಕ ಬಿಡ್ರಿ ಅಂತ ಕೇಳೇನಿ. ನನ್ನ ಹೆಸರ ಆಗಬೇಕಂತಿಲ್ಲ. ನಾಳೆ ಈ ಕುರ್ಚಿ ಮ್ಯಾಲ ಯಾರ್ ಇರತಾರೋ ಅವರದು. ಮೊಬೈಲಿಗೆ ಬೈದ್ರ ಅದಕ್ಕೇನ್ ತಿಳೀತೈತ್ರಿ? ತಪ್ಪಾದಾಗ ಬೈಸ್ಕೊಳ್ಳಾಕ ಒಬ್ಬಾಂವ ಇರಬೇಕಲ್ರಿ.”