ಪಾರ್ಚ್‌ಮೆಂಟಿನ ಮೇಲೆ ಬರೆದ ಮೀನು

ಓದುಗರೆಲ್ಲರಿಗೂ ನಮಸ್ಕಾರ. ನಾನು ಶಾಲೆಗೆ ಸೇರಿದ್ದೇ ಹನ್ನೆರಡನೇ ವಯಸ್ಸಿಗೆ. ಈಗ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದೇನೆ. ತಪ್ಪುಗಳು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಎಂಬತ್ತರ ದಶಕದ ಶುರುವಿನಲ್ಲಿ ಗೋಣಿಬೀಡು ಹತ್ತಿರದ ಒಂದು ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ಆಳುಗಳ ಹಾಜರಿ ಹಾಕುವುದು, ಕಣದಲ್ಲಿ ಒಣಗುವ ಕಾಫಿ ನೋಡಿಕೊಳ್ಳುವುದು ನನ್ನ ಕೆಲಸ. ವಯಸ್ಸು ಇಪ್ಪತ್ತೆಂಟು, ಮದುವೆಯೂ ಆಗಿತ್ತು. ಆದರೂ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬಿಳಿ ಕಾಫಿಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು, ಕಣದ ತುಂಬ ಹರವಿದರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ದನ ಕಾಯುತ್ತ ಹೊಳೆಯ ಮರಳಿನಲ್ಲಿ ಚಿತ್ರ ಬರೆದವನು ನಾನು. ಆಳುಗಳು ಊಟಕ್ಕೆ ಹೋದ ಮೇಲೆ, ಯಾರೂ ಇಲ್ಲವೆಂದು ನೋಡಿಕೊಂಡು, ಕಾಫಿ ಹರವುವ ಗೋರುಮಣೆಯಿಂದ ಅದರ ಮೇಲೆ ಗೆರೆ ಎಳೆಯುತ್ತಿದ್ದೆ.

ಒಂದು ಮಧ್ಯಾಹ್ನ ಕಣದಷ್ಟು ಉದ್ದದ ಮೀನು ಬರೆದೆ. ಮೀನಿನ ಕಣ್ಣಿಗೆ ಕಪ್ಪು ಬೇಕೆನಿಸಿತು. ಪಕ್ಕದ ಕಣದಲ್ಲಿ ಸಿಪ್ಪೆ ಸಮೇತ ಒಣಗಿ ಕಪ್ಪಾಗಿದ್ದ ಚೆರಿ ಕಾಫಿಯನ್ನು ಎರಡು ಬೊಗಸೆ ತಂದು ಇಟ್ಟೆ. ಕಟ್ಟೆ ಹತ್ತಿ ನೋಡಿದರೆ ಮೀನು ನನ್ನನ್ನೇ ನೋಡುತ್ತಿತ್ತು! ಒಬ್ಬನೇ ನಗುತ್ತಾ ನಿಂತುಬಿಟ್ಟೆ.

"ಬಾಲ ಸಣ್ಣಾಯ್ತು ರೈಟ್ರೇ. ಇದು ಈಜಾದಿಲ್ಲ, ಮುಳುಗ್ತದೆ!"

ಕಣದ ಕೆಲಸದ ಅಜ್ಜಿ ಹಿಂದೆಯೇ ನಿಂತಿದ್ದರು. ಮಂಡಿನೋವಿಗೆ ಗುಡ್ಡ ಹತ್ತಲಾಗುವುದಿಲ್ಲ ಎಂದೇ ಅವರಿಗೆ ಕಣದ ಕೆಲಸ ಕೊಟ್ಟಿದ್ದರು. ನನ್ನ ಕೈಯಿಂದ ಗೋರುಮಣೆ ಇಸಕೊಂಡು ಬಾಲವನ್ನು ಅಗಲ ಮಾಡತೊಡಗಿದರು.

ಅಷ್ಟರಲ್ಲಿ ಎಸ್ಟೇಟಿನ ಸಾಹುಕಾರರ ಜೀಪಿನ ಸದ್ದು. ಮೀನು ಅಳಿಸಲು ಗಡಿಬಿಡಿಯಲ್ಲಿ ಕಾಲಿನಿಂದಲೇ ಕಾಫಿ ಕೆದಕಿದೆ. ಕಣ್ಣು ಚದುರಿ ಕಪ್ಪು ಚೆರಿ ಪಾರ್ಚ್‌ಮೆಂಟಿನ ತುಂಬ ಬೆರೆಯಿತು. ಇವೆರಡು ಬೆರೆತರೆ ಬೆಲೆ ಬೀಳುತ್ತದೆ, ಬೆರೆಸಬಾರದೆಂದು ಎಸ್ಟೇಟಿನಲ್ಲಿ ಎಲ್ಲರಿಗೂ ಗೊತ್ತು. ಆಳುಗಳಿಗೆ ದಿನಾ ಅದನ್ನು ಹೇಳುತ್ತಿದ್ದವನೇ ನಾನು.

"ಇದ್ಯಾರು ಮಾರಾಯ, ಪಾರ್ಚ್‌ಮೆಂಟಿಗೆ ಚೆರಿ ಹಾಕಿದ್ದು?" ಎಂದರು ಸಾಹುಕಾರರು.

"ನಾನು ಊಟಕ್ಕೆ ಹೋಗಿದ್ದೆ. ಅಜ್ಜಿ ಇಲ್ಲೇ ಇದ್ರು" ಎಂದೆ.

ಅಜ್ಜಿ ಒಮ್ಮೆ ನನ್ನ ಮುಖ ನೋಡಿದರು. "ಕಣ್ಣು ಮಂಜು ಸಾವ್ಕಾರ್ರೇ. ಬುಟ್ಟಿ ಮಗುಚಿ ಹೋಯ್ತು" ಎಂದರು.

"ಕಣ್ಣು ಕಾಣ್ದಿದ್ರೆ ಕಣ ಬೇಡ. ನಾಳೆಯಿಂದ ಎಲ್ಲರ ಜೊತೆ ಕುಯ್ಲಿಗೆ ಹೋಗ್ಲಿ."

ಜೀಪು ಹೋದ ಮೇಲೆ ಇಬ್ಬರೂ ಕೂತು ಚೆರಿ ಆರಿಸಿದೆವು. "ಅಜ್ಜೀ, ನನ್ನ ಕೆಲ್ಸ ಹೋಗ್ತಿತ್ತು" ಎಂದೆ.

"ಎಲ್ಲಿ ಹೋಗ್ತಿತ್ತು? ಬೈತಿದ್ರು ಅಷ್ಟೆ. ಬೈಸ್ಕಣಕ್ಕೆ ಹೆದ್ರಿಕೆ ಆದ್ರೆ ಆಟ ಎಂತಕ್ಕೆ ಆಡ್ಬೇಕು ರೈಟ್ರೇ?"

ಮರುದಿನ ಅವರು ಕೋಲೂರಿಕೊಂಡು, ಸೊಂಟಕ್ಕೆ ಬುಟ್ಟಿ ಕಟ್ಟಿ ಗುಡ್ಡ ಹತ್ತಿದರು. ನಾನು ತಲೆ ಬಗ್ಗಿಸಿ ಹಾಜರಿ ಹಾಕಿದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಒಂದು ವಾರ ಕಳೆಯಿತು. ಎಂಟನೇ ದಿನ ಅಜ್ಜಿ ಕೆಲಸಕ್ಕೆ ಬರಲಿಲ್ಲ. ಮಂಡಿ ಬಾತು, ಬಣಕಲ್‌ನಲ್ಲಿದ್ದ ಮಗಳ ಮನೆಗೆ ಹೋದರಂತೆ.

ಆವತ್ತೇ ಹೋಗಿ ಸಾಹುಕಾರರಿಗೆ ಎಲ್ಲ ಹೇಳಿದೆ. ಅವರು ಜೋರಾಗಿ ನಕ್ಕುಬಿಟ್ಟರು. "ಮೀನಾ? ಇದನ್ನ ಅವತ್ತೇ ಹೇಳೋದಲ್ವ ಮಾರಾಯ! ಅಜ್ಜೀನ ವಾಪಸ್ ಕಣಕ್ಕೆ ಕರ್ಸು" ಎಂದರು. ಹೇಳಿ ಕಳಿಸಿದೆವು, ಅಜ್ಜಿ ಬರಲಿಲ್ಲ. ಬಣಕಲ್ಲಿಗೆ ಬೇಕಾದಷ್ಟು ಬಸ್ಸುಗಳಿದ್ದವು. ಅವರ ಮುಖ ನೋಡುವ ಧೈರ್ಯವಿಲ್ಲದೆ ನಾನೇ ಹೋಗಲಿಲ್ಲ.

ಆ ವಯಸ್ಸಿನಲ್ಲಿ ಮೀನು ಬರೆದೆನೆಂದು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. "ನಾನು ಊಟಕ್ಕೆ ಹೋಗಿದ್ದೆ" ಎಂದಿದ್ದನ್ನು ಸಾಹುಕಾರರ ಹೊರತು ಯಾರಿಗೂ, ಹೆಂಡತಿಗೂ ಹೇಳಿರಲಿಲ್ಲ, ಇಲ್ಲೇ ಮೊದಲು ಬರೆಯುತ್ತಿದ್ದೇನೆ. ಒಳಗಿನ ಮಗುವನ್ನು ಬಚ್ಚಿಡಲು ಹೋಗಿ ನೀವೂ ಯಾರಿಗಾದರೂ ಹೀಗೆ ಮಾಡಿದ್ದುಂಟೇ? ಇದ್ದರೆ ದಯವಿಟ್ಟು ಬರೆಯಿರಿ. ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ.