ಅಕ್ಕೋರ ಸೀರೆಗೆ ಅಂಟಿದ ಉತ್ತರಾಣಿ

ಅಕ್ಕೋರ ಸೀರೆಯ ಅಂಚಿಗೆ ಸದಾ ಉತ್ತರಾಣಿ ಬೀಜ ಅಂಟಿಕೊಂಡಿರುತ್ತಿತ್ತು. ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ ನಾವು ಹುಡುಗಿಯರು ಅದನ್ನು ನೋಡಿ ಮುಸಿಮುಸಿ ನಗುತ್ತಿದ್ದೆವು. ದಾರಿ ಇದ್ದರೂ ಈಯಮ್ಮ ಕಸದಾಗೇ ನಡೀತಾಳ ಎಂದು ನಮ್ಮ ಲೇವಡಿ.

ಶಹಾಬಾದ್ ಹತ್ತಿರದ ನಮ್ಮೂರಿನ ಶಾಲೆಯಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು. ಶಾಲೆಯ ಹಿಂದೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆದು ಬಿಟ್ಟುಹೋದ ಖಣಿಯೊಂದಿತ್ತು. ಜ್ವಾಲಾಮುಖಿಯ ಪಾಠ ಬಂದ ದಿನ ನಮ್ಮನ್ನೆಲ್ಲ ಅಲ್ಲಿಗೆ ಕರೆದೊಯ್ದರು.

“ಚಿಂಚೋಳಿ ಕಡಿ ಕರಿಮಣ್ಣು ನೋಡೀರಿಲ್ಲ? ಒಂದು ಕಾಲಕ್ಕ ಅದು ಬೆಂಕಿಯಾಗಿ ಹರದದ. ಎಲ್ಲಾ ಸುಟ್ಟು ಬರೀ ಕಲ್ಲು ಉಳದಿತ್ತು. ಆಮ್ಯಾಲ ಜೀವ ಹ್ಯಾಂಗ ಬಂತು? ಹಿಂಗ ನೋಡ್ರಿ.”

ಬಂಡೆಯ ಮೇಲಿನ ಕಲ್ಲುಹೂವನ್ನು ಉಗುರಿನಿಂದ ಕೆರೆದು ತೋರಿಸಿದರು. ಅದು ಕಲ್ಲು ತಿಂದು ಚಿಟಿಕೆ ಮಣ್ಣು ಮಾಡುತ್ತದೆ, ಆ ಮಣ್ಣಿಗೆ ಪಾಚಿ ಬರುತ್ತದೆ, ಆಮೇಲೆ ಹುಲ್ಲು, ಹುಳ, ಹಕ್ಕಿ. ಖಣಿಯ ತಳದ ನೀರಿನಲ್ಲಿ ಮೀನು ಆಗಲೇ ಬಂದಿದ್ದವು. ಮೇಲೆ ಒಂದು ಮಿಂಚುಳ್ಳಿ ಕಾದು ಕೂತಿತ್ತು.

ಒಬ್ಬ ಹುಡುಗ ಅದನ್ನು ಹಾಳು ಖಣಿ ಎಂದುಬಿಟ್ಟ. ಅಕ್ಕೋರು ಗದರಿದರು. “ಹಾಳಲ್ಲೋ, ಬೀಳು. ಹಾಳಂದ್ರ ಸತ್ತಂಗ, ಬೀಳಂದ್ರ ದಣಿದು ಮಲಗಿದಂಗ.” ಹೊಲಕ್ಕೆ ಹೇಳುವ ಮಾತನ್ನು ಖಣಿಗೆ ಹೇಳಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅವರ ಗಂಡ ಅದೇ ಖಣಿಯಲ್ಲಿ ಕಲ್ಲು ಕುಸಿದು ಸತ್ತಿದ್ದರೆಂದು ಅವ್ವ ಹೇಳಿದ್ದು ಆಮೇಲೆ. ಸಂಜೆ ಖಣಿಯ ಅಂಚಿಗೆ ಕೂತು ಅಕ್ಕೋರು ಸೀರೆಯ ಉತ್ತರಾಣಿ ಒಂದೊಂದಾಗಿ ಬಿಡಿಸಿ ಕೆಳಗೆ ಎಸೆಯುವುದನ್ನು ಕಂಡ ಮೇಲಂತೂ ನನಗೆ ನಗು ಬರಲಿಲ್ಲ.

ಅಂದು ಬೈಸಿಕೊಂಡ ಹುಡುಗ ಬೆಳೆದು ಪಂಚಾಯ್ತಿ ಮೆಂಬರ್ ಆದ. ಎಲ್ಲಿಂದಲೋ ಕಾರ್ಖಾನೆಯ ಬಾಯ್ಲರಿನ ಬೂದಿ ತರಿಸಿ ಖಣಿ ತುಂಬಿಸಲು ಹೊರಟ. ಅಷ್ಟೊತ್ತಿಗೆ ನಿವೃತ್ತರಾಗಿದ್ದ ಅಕ್ಕೋರು ಗ್ರಾಮಸಭೆಗೆ ಬಂದು, ಬೇಡಪ್ಪಾ ಎಂದು ಕೈಮುಗಿದರು.

“ಹುಡುಗ್ರು ಈಜಾಡ್ಲಿಕ್ಕ ಹೋಗಿ ಮುಳಗ್ತಾವ್ರಿ ಅಕ್ಕೋರೆ. ಸಮ ಮಾಡಿದ್ರ ಸಂತಿಗಾದ್ರೂ ಜಾಗ ಆಗ್ತದ” ಎಂದ. ಅದು ಸುಳ್ಳಲ್ಲ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. “ನೀವೇ ಕಲಿಸೀರಲ್ರೀ, ಎಲ್ಲಾ ಸುಟ್ಟ ಮ್ಯಾಲೂ ಜೀವ ಬರ್ತದಂತ? ಬೂದಿಗೂ ಬರ್ತದ ಬಿಡ್ರಿ.”

ಸಭೆ ಗೊಳ್ಳೆಂದು ನಕ್ಕಿತು. ನನಗೆ ಮೈಯುರಿಯಿತು. ಅಕ್ಕೋರು ಮಾತ್ರ ದನಿ ಏರಿಸಲಿಲ್ಲ.

“ಬರ್ತದಪ್ಪಾ, ಖರೇ. ಎಷ್ಟು ತಲಿಮಾರು ಹೋಗಬೇಕಂತ ಕಲಿಸೋದು ಮರ್ತೆ ನೋಡು.”

ಲಾರಿಗಳು ಬಂದವು. ಮಳೆಗಾಲಕ್ಕೆ ಮುಂಚೆಯೇ ನೀರು, ಹುಲ್ಲು, ಕಲ್ಲುಹೂವು ಎಲ್ಲ ಮುಚ್ಚಿಹೋಯಿತು. ಅಕ್ಕೋರು ಆಮೇಲೆ ಆ ದಿಕ್ಕಿಗೆ ಹೋಗಲಿಲ್ಲ. ಸೀರೆಯ ಅಂಚು ಶುಭ್ರವಾಗಿರತೊಡಗಿತು. ಅದನ್ನು ನೋಡುವುದೇ ನನಗೆ ಸಂಕಟವಾಗುತ್ತಿತ್ತು.

ಈ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ಮಣ್ಣು ಕೊಡಲು ಮೆಂಬರನೂ ಬಂದಿದ್ದ, ಕಣ್ಣೀರು ಹಾಕಿದ. ಬದುವಿನ ಮೇಲೆ ವಾಪಸು ಬರುವಾಗ ಎಲ್ಲರ ಬಟ್ಟೆಗೂ ಉತ್ತರಾಣಿ ಅಂಟಿತ್ತು. ಅವನು ಡಾಂಬರು ರಸ್ತೆಗೆ ಬಂದು ಪ್ಯಾಂಟು ಝಾಡಿಸಿಕೊಂಡು ಗಾಡಿ ಹತ್ತಿದ.

ಹತ್ತಿರದ ವಾಡಿಯ ಶಾಲೆಯಲ್ಲಿ ನಾನೂ ಈಗ ಅದೇ ಪಾಠ ಮಾಡುತ್ತೇನೆ. ಅಕ್ಕೋರ ಋಣ ಅದು. ಮಣ್ಣು ಮುಗಿಸಿ ಬಂದ ಸಂಜೆ, ಖಣಿಯಿದ್ದ ಬೂದಿಯ ಬಯಲಿನಲ್ಲಿ ಕೂತು ನನ್ನ ಸೀರೆಯ ಬೀಜಗಳನ್ನು ಬಿಡಿಸಿ ಎಸೆದೆ. ಉತ್ತರಾಣಿ ಹೇಗೋ ಹುಟ್ಟೀತು. ಮಿಂಚುಳ್ಳಿಯನ್ನು ನಾನು ಎಲ್ಲಿಂದ ತರಲಿ?