ವಾರಗಿತ್ತಿಯ ಜೊಂಡು, ನನ್ನ ಜೊಂಡು

ನನ್ನ ವಾರಗಿತ್ತಿ ನೇಯ್ದ ಜೊಂಡಿನ ಚಾಪೆ ಆಗ ತಾನೇ ಸುಲಿದ ಬಾಳೆದಿಂಡಿನ ಹಾಗೆ ಬೆಳ್ಳಗಿರುತ್ತಿತ್ತು. ನನ್ನ ಚಾಪೆಯ ಮೇಲೆ ಕೂತು ಎದ್ದವರು ಕಪ್ಪು ಹತ್ತಿದೆಯೇ ಎಂದು ಸೀರೆಯ ಹಿಂಭಾಗ ನೋಡಿಕೊಳ್ಳುತ್ತಿದ್ದರು. ಅದನ್ನು ಕಂಡಾಗಲೆಲ್ಲ ಚಾಪೆ ಸುತ್ತಿ ಮೂಲೆಗೆ ಒತ್ತರಿಸುತ್ತಿದ್ದೆ.

ಹುಣಸೂರಿನಲ್ಲಿ ನಮ್ಮ ಬೀದಿ ಇಳಿದು ಕೆರೆಗೆ ಸೇರುತ್ತಿತ್ತು. ಕೆರೆಯಂಚಿನ ಜೌಗಿನಲ್ಲಿ ಜೊಂಡು ಆಳೆತ್ತರ ಬೆಳೆಯುತ್ತಿತ್ತು. ಅವಳು ಹಿರೀಸೊಸೆ, ಮೊದಲು ಬಂದವಳು. ಏರಿಯ ಕಡೆಯ ಜೊಂಡು ಅವಳದು. ಆಮೇಲೆ ಬಂದ ನನಗೆ ಬೀದಿಯ ಚರಂಡಿ ಬಂದು ಬೀಳುವ ಕಡೆಯದು. ನಾದಿನಿಯ ಮದುವೆ ಗೊತ್ತಾದಾಗ ಅತ್ತೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: ‘ಯಾರ್ ಚಾಪೆ ಚೆಂದಾಗಿರ್ತದೋ ಅದ್ನೇ ಹಸೆಮಣೆ ಕೆಳಕ್ಕೆ ಹಾಸೋದು.’

ವಾರಗಿತ್ತಿ ನಕ್ಕಳು. ಆ ನಗು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಮ್ಮ ಬೀದಿಯಲ್ಲಿ ಒಂದು ರೂಢಿಯಿತ್ತು. ಬೇಸಿಗೆಯ ಕಸ, ಒಲೆಬೂದಿ, ಹೊಗೆಸೊಪ್ಪಿನ ದಂಟು ಎಲ್ಲವನ್ನೂ ಚರಂಡಿ ಪಕ್ಕ ಗುಡ್ಡೆ ಹಾಕಿ ಮೊದಲ ಮಳೆಗೆ ಕಾಯುವುದು. ಮೋಡ ಕಟ್ಟಿದ್ದೇ ತಡ, ಎಲ್ಲರೂ ಪೊರಕೆ ಹಿಡಿದು ಚರಂಡಿಗೆ ತಳ್ಳುವುದು. ಮೇಲಿನ ಲಾರಿ ಶೆಡ್ಡಿನ ಸುಟ್ಟ ಎಣ್ಣೆಯೂ ಅದರ ಜೊತೆಗೇ ಹರಿಯುತ್ತಿತ್ತು.

‘ಇಲ್ಗ್ಯಾಕ್ರವ್ವ ತಳ್ತೀರಿ? ತಿಪ್ಪೆಗಾಕಿ’ ಎಂದೆ.

‘ಮಳೆ ಒತ್ಕೊಂಡೋಯ್ತದೆ ಬುಡವ್ವ’ ಎಂದಳು ಎದುರುಮನೆಯವಳು.

‘ಎಲ್ಲಿಗ್ ಒತ್ಕೊಂಡೋಯ್ತದೆ? ನನ್ ಜೊಂಡ್ಗೆ ಕಣೇ!’

‘ನಿಮ್ಮಕ್ಕನ್ ಜೊಂಡು ಚೆಂದಾಗೇ ಅದಲ್ಲ? ನಿನ್ ಕೈಗುಣ ಇರ್ಬೇಕು.’

ಅಷ್ಟು ಸಾಕಾಯಿತು ನನಗೆ. ಗಂಡನನ್ನು ಎಳೆದುಕೊಂಡು ಹೋಗಿ ಚರಂಡಿ ಕೆರೆ ಸೇರುವ ಕಡೆ ಗುಂಡಿ ತೋಡಿಸಿದೆ. ಹಿತ್ತಲಲ್ಲಿ ಬಚ್ಚಲುನೀರಿಗೆ ಮಾಡುವ ಹಾಗೆಯೇ ತಳಕ್ಕೆ ಜಲ್ಲಿ ಸುರಿದು, ಸುತ್ತ ಕೆಸವಿನ ಗಿಡ, ಕಾಬಾಳೆ ನೆಟ್ಟೆ. ಕಸವೂ ಬಗ್ಗಡವೂ ಅಲ್ಲೇ ನಿಂತು, ನೀರು ಮಾತ್ರ ಮುಂದಕ್ಕೆ ಹೋಗುತ್ತಿತ್ತು. ಲಾರಿ ಶೆಡ್ಡಿನವನಿಗೆ ಡಬ್ಬ ಕೊಟ್ಟು, ‘ಸುಟ್ಟೆಣ್ಣೆ ಇದ್ರಲ್ಲಿಡು ಕಣಣ್ಣ, ಗಾಡಿ ಕೀಲ್ಗೆ ಬೇಕು’ ಎಂದೆ. ಎತ್ತಿನಗಾಡಿಯವರು ಮುಗಿಬಿದ್ದು ಒಯ್ದರು. ಒಂದು ತೊಟ್ಟೂ ಚರಂಡಿಗೆ ಉಳಿಯಲಿಲ್ಲ. ಮಳೆ ನಿಂತಾಗಲೆಲ್ಲ ಗುಂಡಿಯ ಬಗ್ಗಡ ಬಾಚಿ ತಿಪ್ಪೆಗೆ ಹೊತ್ತೆ. ವಾರಗಿತ್ತಿ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ ನೋಡುತ್ತಿದ್ದಳು.

ಮಳೆಗಾಲ ಮುಗಿದು ಜೊಂಡು ಕೊಯ್ದಾಗ ನನ್ನದರಲ್ಲಿ ಒಂದು ಕಪ್ಪು ಚುಕ್ಕೆಯಿಲ್ಲ. ಸುಟ್ಟೆಣ್ಣೆಯ ವಾಸನೆಯೂ ಇಲ್ಲ. ರಾಣಿಯ ಹಾಗೆ ನೇಯ್ದೆ. ಅತ್ತೆಯ ಮುಂದೆ ಎರಡೂ ಚಾಪೆ ಹಾಸಿದೆವು. ನೋಡಿದರೆ ಅವಳದು ಇನ್ನೂ ಬೆಳ್ಳಗಿತ್ತು! ನನ್ನ ಗುಂಡಿ ಸೋಸಿದ ನೀರನ್ನು, ಅದು ಏರಿಯ ಕಡೆ ಹರಿಯುವ ದಾರಿಯಲ್ಲೇ, ನನ್ನ ಜೊಂಡು ಇನ್ನೊಮ್ಮೆ ಸೋಸಿ ಅವಳಿಗೆ ಕಳಿಸಿತ್ತು.

ಅತ್ತೆ ಅಂಗೈಯಲ್ಲಿ ಸವರಿ, ‘ಇದೇ ಇರ್ಲಿ’ ಎಂದು ಅವಳದನ್ನೇ ಎತ್ತಿಕೊಂಡರು.

ಮದುವೆ ಮನೆಗೆ ಬಂದವರೆಲ್ಲ ಚಾಪೆ ಹೊಗಳಿದರೆ, ಅವಳು, ‘ನಮ್ ತಂಗಿ ಗುಂಡಿ ತೋಡ್ಸಿದ್ಕೆ ಕಣ್ರವ್ವ, ಕೆರೆನೇ ತಿಳಿಯಾಯ್ತು’ ಎಂದಳು. ಈಗ ಜನ ಅವಳ ದೊಡ್ಡ ಮನಸ್ಸನ್ನೂ ಹೊಗಳಿದರು.

ಮಾರನೆಯ ವಾರ ಸನಿಕೆ ಹಿಡಿದು ಹೋದೆ, ಗುಂಡಿ ಮುಚ್ಚಿಯೇ ಬಿಡೋಣ ಎಂದು. ಒಂದು ಸನಿಕೆ ಮಣ್ಣು ಎತ್ತಿದವಳು ಹಾಗೇ ನಿಂತೆ. ಮುಚ್ಚಿದರೆ ಮೊದಲು ಕಪ್ಪಾಗುವುದು ನನ್ನ ಜೊಂಡು. ಅದನ್ನು ದಾಟಿ ಕೊಳೆ ಅವಳ ತನಕ ಹೋಗುವುದೇ ಅನುಮಾನ.

ಸೀದಾ ಮನೆಗೆ ಬಂದು ಅವಳ ಮುಂದೆ ಮಂಕರಿ ಇಟ್ಟೆ.

‘ಏನೇ ಇದು?’

‘ನಿನ್ ಚಾಪೆಗೂ ಇದೇ ನೀರು ಕಣಕ್ಕ. ಏಳು, ಬಗ್ಗಡ ಒರು.’

ಅವಳು ಸೆರಗು ಸಿಕ್ಕಿಸಿ ಎದ್ದಳು. ಮಂಕರಿ ತುಂಬಿಸಿ, ಸಿಂಬೆ ಇಟ್ಟು, ಒಂದು ತೊಟ್ಟು ಕೆಸರೂ ಸೀರೆಗೆ ಬೀಳದ ಹಾಗೆ ತಿಪ್ಪೆಯವರೆಗೆ ನಡೆದಳು. ಎದುರುಮನೆಯವಳು ಬಾಗಿಲಲ್ಲಿ ನಿಂತು ನನಗೆ, ‘ನೋಡು, ಕೆಲ್ಸ ಅಂದ್ರೆ ಅಂಗ್ ಮಾಡ್ಬೇಕು’ ಎಂದಳು.